ಕೊನೆಯ ಸಾಲಿನ ಮಾತು

ನಮ್ಮೂರಲ್ಲಿ ಮಾತು ಹೊಸ್ತಿಲು ದಾಟುವುದಿಲ್ಲ. ಮನೆಯೊಳಗೆ ಎಷ್ಟು ಬೇಕಾದರೂ ಆಡಬಹುದು, ಹಾಡಬಹುದು, ಜಗಳ ಕಾಯಬಹುದು. ಬಾಗಿಲಾಚೆ ಕಾಲಿಟ್ಟ ಮೇಲೆ ತುಟಿ ಅಲ್ಲಾಡುತ್ತದೆ, ಸದ್ದು ಬರುವುದಿಲ್ಲ. ಸೊಪ್ಪಿನವಳ ಹತ್ತಿರ ಬೆರಳಿನಲ್ಲೇ ಚೌಕಾಸಿ ಮಾಡುತ್ತೇವೆ. ಎದುರುಮನೆಯವರಿಗೆ ಒಂದು ವಿಷಯ ತಿಳಿಸಬೇಕಾದರೂ ಒಳಗೆ ಹೋಗಿ ಗೋಡೆಯ ಮೇಲಿನ ಪೆಟ್ಟಿಗೆಯ ಮುಂದೆ ನಿಲ್ಲಬೇಕು. ಅಲ್ಲಿ ಆಡಿದ ಮಾತು ತಂತಿ ಹಿಡಿದು ಊರ ನಡುವಿನ ಸ್ವಿಚ್ ಮನೆಗೆ ಹೋಗಿ, ಅಲ್ಲಿಂದ ಮುಟ್ಟಬೇಕಾದ ಮನೆಗೆ ಮುಟ್ಟುತ್ತದೆ. ಆ ಸ್ವಿಚ್ ಮನೆಯ ಮೇಸ್ತ್ರಿ ನಮ್ಮ ಯಜಮಾನರು, ಮಹಾಲಿಂಗಯ್ಯ.

ಇಡೀ ಊರಿನ ಮಾತು ಒಂದೇ ಕಡೆ ಬಂದು ಬಿದ್ದರೆ ನೂಕುನುಗ್ಗಲು ಆಗದೆ ಇರುತ್ತದೆಯೇ? ಅದಕ್ಕೆಂದು ಸ್ವಿಚ್ಚಿನೊಳಗೆ ನಾಲ್ಕು ಸಾಲು ಮಾಡಿದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಪೆಟ್ಟಿಗೆಗೆ ನಾಲ್ಕು ಗುಂಡಿಗಳಿದ್ದವು. ಮಾತು ಎಷ್ಟು ಅವಸರದ್ದೆಂದು ಆಡುವವರೇ ತೀರ್ಮಾನಿಸಿ ಗುಂಡಿ ಒತ್ತಬೇಕಿತ್ತು. ಜನ ಎಲ್ಲದಕ್ಕೂ ಮೊದಲ ಗುಂಡಿಯನ್ನೇ ಒತ್ತಿದರು. ಹಪ್ಪಳದ ಹಿಟ್ಟಿಗೆ ಉಪ್ಪು ಎಷ್ಟು ಎಂದು ಕೇಳುವುದಕ್ಕೂ ಅದೇ ಗುಂಡಿ. ಹೀಗಿರುವಾಗ ಎಣ್ಣೆ ಗಿರಣಿಗೆ ಬೆಂಕಿ ಬಿತ್ತು. ಬೆಂಕಿ ಆರಿಸುವವರನ್ನು ಕರೆದ ಮಾತು ಒಂದು ಮದುವೆ ಮನೆಯ ಹರಟೆಯ ಹಿಂದೆ ಸಿಕ್ಕಿಹಾಕಿಕೊಂಡಿತು. ಗಿರಣಿಯೊಳಗಿದ್ದವರು ಯಾರೂ ಉಳಿಯಲಿಲ್ಲ. ನಮ್ಮವರ ಸೋದರಮಾವ ಅಲ್ಲಿ ಗಾಣದ ಕೆಲಸಕ್ಕಿದ್ದರು.

ಅದಾದ ಮೇಲೆ ಗುಂಡಿಗಳನ್ನು ಕಿತ್ತು ಹಾಕಿದರು. ಮಾತಿಗಲ್ಲ, ಮನೆಗೆ ದರ್ಜೆ ಎಂದು ಪುರಸಭೆ ಕಟ್ಟುಮಾಡಿತು. ಆಸ್ಪತ್ರೆ, ಅಗ್ನಿಶಾಮಕದವರು, ಅವರನ್ನು ಕರೆಯುವ ಮಾತು ಮೊದಲನೇ ಸಾಲು. ಪುರಸಭೆ, ಬಣ್ಣದ ಕಾರ್ಖಾನೆ, ಸ್ವಿಚ್ ಮನೆಯ ನೌಕರರು ಎರಡನೆಯದು. ಅಂಗಡಿ, ಮಂಡಿಗಳು ಮೂರನೆಯದು. ಮಿಕ್ಕ ಸಂಸಾರಸ್ಥರೆಲ್ಲ ನಾಲ್ಕನೆಯದು. ಮುಂದಿನ ಸಾಲು ಪೂರ್ತಿ ಖಾಲಿಯಾಗುವ ತನಕ ಹಿಂದಿನದು ಅಲುಗಾಡುವಂತಿಲ್ಲ. ಇದನ್ನು ಕೂಡಿಸಿ ನಿಲ್ಲಿಸಿದವರು ನಮ್ಮವರೇ. ಮಾವನನ್ನು ಕಳೆದುಕೊಂಡವರು, ಮನಸಾರೆ ನಂಬಿ ಮಾಡಿದರು. ಆಮೇಲೆ ನಮ್ಮೂರಲ್ಲಿ ಬೆಂಕಿಗೆ ಸಿಕ್ಕಿ ಸತ್ತವರಿಲ್ಲ, ಅದನ್ನೂ ಹೇಳಬೇಕು.

ಜನ ಹೊಂದಿಕೊಂಡರು. ನಾಲ್ಕನೇ ಸಾಲಿನ ಮನೆಯವರು ಮಾವಿನಕಾಯಿ ಬಿಡುವ ಮುಂಚೆಯೇ ಉಪ್ಪಿನಕಾಯಿಯ ಹದ ಕೇಳಿ ಇಡುತ್ತಿದ್ದರು. ಹುಡುಗಿ ಮೈನೆರೆಯುವ ವಯಸ್ಸಿಗೆ ಬರುತ್ತಿದ್ದಂತೆ ನೆಂಟರಿಗೆ ಮದುವೆಯ ಕರೆ ಆಡಿಟ್ಟು, ಆಮೇಲೆ ಗಂಡು ಹುಡುಕುತ್ತಿದ್ದರು. ತಡವಾಗಿ ಬಂದ ಮಾತಿಗೆ ಸಿಟ್ಟಾಗಬಾರದು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ತಿಂಗಳೊಪ್ಪತ್ತು ತಡವಾದರೂ ಬರುತ್ತಿತ್ತಲ್ಲ. ಬಣ್ಣದ ಕಾರ್ಖಾನೆಯವರು ರಾತ್ರಿ ಪಾಳಿ ಶುರು ಮಾಡಿದರು ನೋಡಿ, ಎರಡನೇ ಸಾಲಿಗೆ ಸಿಗುತ್ತಿದ್ದ ಅಷ್ಟಿಷ್ಟು ಬಿಡುವು ಅಂಗಡಿಗಳ ಮೂರನೇ ಸಾಲಿಗೇ ಸರಿಹೋಯಿತು. ನಾಲ್ಕನೆಯದು ನಿಂತೇ ಹೋಯಿತು. ನಿಂತಿದೆ ಎಂದು ನಮ್ಮವರಿಗೆ ಗೊತ್ತಿತ್ತು. ಮನೆಮಾತು ತಾನೇ, ಕಾಯಲಿ ಎಂದುಕೊಂಡಿದ್ದರು. ಮನೆಯಲ್ಲಿ ನನಗೆ ಹೇಳಿದ್ದು, ಸ್ವಲ್ಪ ನಿಧಾನ ಆಗ್ತಿದೆ ಅಂತ ಅಷ್ಟೇ.

ನಮ್ಮ ಒಬ್ಬಳೇ ಮಗಳು ವಿಶಾಲಾಕ್ಷಿಯನ್ನು ಆ ವರ್ಷವೇ ಮೇಲುಪೇಟೆಯ ಹಾಲಸ್ವಾಮಿಗೆ ಕೊಟ್ಟೆವು. ಅವನೂ ಅವನ ತಾಯಿ ಶಿವಗಂಗಮ್ಮನೂ ಇಬ್ಬರೇ. ಬಾಡಿಗೆ ಬರುವ ಮನೆಗಳಿದ್ದವು, ಉಣ್ಣಲು ಉಡಲು ಕೊರತೆಯಿರಲಿಲ್ಲ. ಅಂಗಡಿ ಮುಂಗಟ್ಟು ಇಲ್ಲದ್ದರಿಂದ ಮನೆ ನಾಲ್ಕನೇ ದರ್ಜೆಯದು. ಹೋದ ಹೊಸತರಲ್ಲಿ ವಿಶಾಲುವಿನ ಒಂದೆರಡು ಮಾತು ಬಂದವು. ಚೆನ್ನಾಗಿದೀನಿ ಅವ್ವ, ಇಲ್ಲಿ ದಾಸವಾಳ ಬಹಳ ಬಿಡುತ್ತೆ ಎಂದಿದ್ದಳು. ಆಮೇಲೆ ಏನೂ ಇಲ್ಲ. ನಮ್ಮದು ಎರಡನೇ ದರ್ಜೆಯ ಮನೆ, ನಾನು ಆಡಿದ್ದು ಅವಳಿಗೆ ಆಗಿಂದಾಗಲೇ ಕೇಳುತ್ತಿತ್ತು. ಸಂಜೆ ದೀಪ ಹಚ್ಚಿ ಪೆಟ್ಟಿಗೆಯ ಮುಂದೆ ಕೂತು ಆಡುತ್ತಿದ್ದೆ. ಇವತ್ತು ಅವರೆಕಾಳಿನ ಸಾರು, ನಿಮ್ಮಪ್ಪನಿಗೆ ಕೆಮ್ಮು, ಹಸು ಈಯಿತು. ಕೆಲವು ದಿನ ಬೇಜಾರಾಗಿ, ಗಂಡನ ಮನೆ ಸೇರಿ ತವರು ಮರೆತೆಯಲ್ಲೇ, ಒಂದು ಮಾತು ಆಡಿದರೆ ನಿನ್ನ ಗಂಟೇನು ಹೋಗುತ್ತೆ ಎಂದೂ ಅಂದಿದ್ದುಂಟು. ಕರೆಯದೆ ಬೀಗರ ಮನೆಗೆ ಹೋಗುವ ರೂಢಿ ನಮ್ಮಲ್ಲಿಲ್ಲ. ಹೋಗಲಿಲ್ಲ.

ಮದುವೆಯಾದ ಎರಡನೇ ಚಳಿಗಾಲದಲ್ಲಿ ಶಿವಗಂಗಮ್ಮ ಆಳಿನ ಕೈಲಿ ಸೂಚನೆ ಕಳಿಸಿದರು. ಆಳು ಒಳಗೆ ಬಂದು, ಬಾಗಿಲು ಹಾಕಿಕೊಳ್ಳಿ ಎಂದು ಹೇಳಿ, ಆಮೇಲೆ ವಿಷಯ ಹೇಳಿದ. ಜ್ವರ ಬಂದು ವಿಶಾಲು ತೀರಿಹೋದಳಂತೆ. ನಾವು ಹೋಗುವ ಹೊತ್ತಿಗೆ ಮುಖ ಬಿಟ್ಟು ಮಿಕ್ಕಿದ್ದೆಲ್ಲ ಹೊದಿಸಿ ಕೂರಿಸಿದ್ದರು. ಕೆನ್ನೆಯೆಲ್ಲ ಇಳಿದುಹೋಗಿತ್ತು. ಜ್ವರದವರ ಮುಖ ಹಾಗೇ ಅಲ್ಲವೇ ಎಂದುಕೊಂಡೆ.

ನಾಲ್ಕು ವರ್ಷ ಕಳೆದ ಮೇಲೆ ಪುರಸಭೆಯ ಅಧ್ಯಕ್ಷರಾದ ಮುರಿಗೆಪ್ಪನವರು ನಮ್ಮವರನ್ನು ಕರೆಸಿದರು. ಸ್ವಿಚ್ಚಿನ ಹೊಟ್ಟೆ ತುಂಬಿಬಿಟ್ಟಿತ್ತು. ನಾಲ್ಕನೇ ಸಾಲಿನಲ್ಲಿ ನಿಂತ ಮಾತುಗಳೇ ಜಾಗವನ್ನೆಲ್ಲ ತಿಂದು, ಆಸ್ಪತ್ರೆಯ ಮಾತಿಗೂ ಒಳಗೆ ಜಾಗ ಸಾಲದೆ ಒಂದೆರಡು ಸಲ ಚೆಲ್ಲಿಹೋಗಿತ್ತು. ಆ ಸಾಲನ್ನು ಪೂರ್ತಿ ತೆಗೆದುಹಾಕಿ ಎಂದು ಅಧ್ಯಕ್ಷರು ಹೇಳಿದರು. ಹಳೆಯ ಹರಟೆ ಯಾರಿಗೆ ಬೇಕಾಗಿದೆ ಎಂದು ಅವರ ಎಣಿಕೆ. ನಮ್ಮವರು ಒಪ್ಪಲಿಲ್ಲ. ಅದರಲ್ಲಿ ಸತ್ತುಹೋದವರ ಮಾತೂ ಇರುತ್ತದೆ, ಹಾಗೇ ಚೆಲ್ಲುವುದು ಸರಿಯಲ್ಲ ಎಂದರು. ಸಾಲಿಗೆ ಒಂದಿಷ್ಟು ಪಾಲು ಎಂದು ಹಂಚಿಬಿಡೋಣ, ಮುಂದಿನ ಸಾಲು ನಾಲ್ಕು ಹೆಜ್ಜೆ ಹೋದರೆ ಹಿಂದಿನದು ಒಂದು ಹೆಜ್ಜೆಯಾದರೂ ಹೋಗಲಿ ಎಂದೂ ಕೇಳಿದರು. ಕಾರ್ಖಾನೆಯವರು ಅದಕ್ಕೆ ಸುತರಾಂ ಒಪ್ಪಲಿಲ್ಲ. ಕಡೆಗೆ, ಬರುವ ಅಮಾವಾಸ್ಯೆ ರಾತ್ರಿ ಪಾಳಿಯವರೆಗೆ ಕಾರ್ಖಾನೆಗೆ ರಜೆ, ಅವತ್ತು ಮಧ್ಯಾಹ್ನ ಅಂಗಡಿ ಕಚೇರಿಯವರೆಲ್ಲ ಬಾಯಿ ಕಟ್ಟಿಕೊಂಡಿರಲಿ, ಎಷ್ಟು ಮಾತು ಹರಿದು ಹೋಗುತ್ತದೋ ಹೋಗಲಿ, ಮಿಕ್ಕಿದ್ದನ್ನು ತೆಗೆಯಿರಿ ಎಂದು ಮುರಿಗೆಪ್ಪನವರು ರಾಜಿ ಮಾಡಿದರು.

ಆ ಅಮಾವಾಸ್ಯೆಯ ಮಧ್ಯಾಹ್ನ ಊರಿಗೆ ಊರೇ ಮಿಂದು ಮಡಿಯುಟ್ಟು ಪೆಟ್ಟಿಗೆಯ ಮುಂದೆ ಕೂತಿತ್ತು. ನಮ್ಮ ಪಕ್ಕದ ಮನೆಯ ಗಂಗವ್ವ ತೀರಿಹೋದ ಗಂಡನಿಗೆಂದು ಒಂದು ಮಣೆಯನ್ನೇ ಹಾಕಿದ್ದಳು. ಮೊದಮೊದಲು ನಗುವಂಥದ್ದೇ ಬಂತು. ಗಂಗವ್ವನ ಗಂಡ ಯಾವುದೋ ಹಳೆಯ ಬೇಸಿಗೆಯಿಂದ, ನನ್ನ ಕನ್ನಡಕ ಅಲ್ಲೇ ಬಿಟ್ಟು ಬಂದೆನಾ ನೋಡು ಎಂದು ಕೇಳಿದ. ಹಿಂದಿನ ಬೀದಿಯ ಒಬ್ಬಾಕೆಗೆ, ನಿನ್ನನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗುವುದಿಲ್ಲ ಎಂಬ ಮಾತು ಬಂತಂತೆ. ಆಕೆ ಗಂಡ ಮಕ್ಕಳ ಎದುರಿಗೇ ಪೆಟ್ಟಿಗೆಯ ಬಾಯಿಗೆ ದಿಂಬು ಒತ್ತಿ ಹಿಡಿದು ಅತ್ತಳಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನಾನು ಒಬ್ಬಳೇ ಇದ್ದೆ, ನಮ್ಮವರು ಸ್ವಿಚ್ ಮನೆಯಲ್ಲಿದ್ದರು. ಪೆಟ್ಟಿಗೆ ಗೊರಗೊರ ಎಂದಿತು. ಆಮೇಲೆ ನನ್ನ ಮಗಳು ಮಾತಾಡಿದಳು.

"ಅವ್ವ, ಅಪ್ಪನ್ನ ನಾಳೆ ಕಳಿಸು. ಏನೂ ಕೇಳಬೇಡ, ಕಳಿಸು."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಅದು ಬೇರೆ ದಿನದ್ದು, ದನಿ ಒಡೆದಿತ್ತು. ಅತ್ತೆ ಹಿತ್ತಲ ಕೋಣೆಗೆ ಬೀಗ ಹಾಕುತ್ತಾರೆ, ಅವರು ಸ್ನಾನಕ್ಕೆ ಹೋದಾಗ ಕಿಟಕಿ ಹತ್ತಿಳಿದು ಬಂದು ಮಾತಾಡುತ್ತಿದ್ದೇನೆ, ಮೂರು ದಿನದಿಂದ ಅನ್ನ ಇಲ್ಲ ಎಂದಳು. ಅದನ್ನು ದೂರು ಹೇಳುವ ಹಾಗೆ ಹೇಳಲಿಲ್ಲ, ದಿನದ ಸಮಾಚಾರ ಹೇಳುವ ಹಾಗೆ ಹೇಳಿದಳು. ಅದರ ಹಿಂದೆಯೇ ಮತ್ತೊಂದು.

"ಮರೆತಿಲ್ಲ ಅವ್ವ. ನಿನ್ನೆ ನೀನು ಅಂದಿದ್ದು ಕೇಳಿಸ್ತು. ನಾನು ಹೇಳ್ತಾನೇ ಇದೀನಿ. ನಿನಗೆ ಸಿಟ್ಟು ಬಂದಿದ್ರೆ ಸಿಟ್ಟಲ್ಲೇ ಬಾ. ಬಂದು ಬೈಯಿ. ಅವ್ವ, ನಾನು ಏನು"

ಅಷ್ಟರಲ್ಲಿ ಕಾರ್ಖಾನೆಯವರು ಬಾಯಿ ತೆರೆದರು. ಸಂಜೆಯಾಗಿತ್ತು. ನನ್ನ ಪೆಟ್ಟಿಗೆ ಆಮೇಲೆ ಉಸಿರೆತ್ತಲಿಲ್ಲ. ನಾನು ಅದರ ಬಾಯಿಗೆ ಕಿವಿ ಒತ್ತಿಕೊಂಡು ನಿಂತಿದ್ದೆ. ನಮ್ಮವರು ಬಂದು ನನ್ನ ರಟ್ಟೆ ಹಿಡಿದು ಬಿಡಿಸಿದರು.

ಅವರು ಕೇಳಿರಲಿಲ್ಲ. ನಾನೇ ಹೇಳಬೇಕಾಯಿತು. ಹೇಳುತ್ತ ಹೋದೆ, ಅವರು ಚಪ್ಪಲಿ ಸಹ ಬಿಡದೆ ನಡುಮನೆಯ ಕಂಬಕ್ಕೆ ಒರಗಿ ನಿಂತು ಕೇಳಿದರು. ಮಿಕ್ಕಿದ್ದನ್ನು ನನಗೆ ಕೇಳಿಸಿ ಎಂದೆ. ಆ ಮನೆಗೆ ಮೊದಲನೇ ದರ್ಜೆ ಕೊಟ್ಟುಬಿಡಿ, ಅವಳ ಮಾತು ಮುಂದೆ ಬರುತ್ತದೆ ಎಂದೆ. ಅವರು ಆಗ ಚಪ್ಪಲಿ ಬಿಟ್ಟರು.

"ಬರೋದಿಲ್ಲ ಮಂಗಳಾ. ಮಾತು ಒಳಗೆ ಬರುವಾಗಲೇ ಮುದ್ರೆ ಬೀಳುತ್ತೆ. ಈಗ ದರ್ಜೆ ಕೊಟ್ಟರೆ ಇನ್ನು ಮೇಲೆ ಆಡಿದ ಮಾತಿಗೆ ಅಷ್ಟೇ. ಹಿಂದೆ ಆಡಿದ್ದು ನಿಂತ ಕಡೆಯೇ ನಿಂತಿರುತ್ತೆ."

ಹಾಗಾದರೆ ಇನ್ನೊಂದು ಅಮಾವಾಸ್ಯೆ ಕೇಳಿ ಎಂದೆ. ಅವರು ಮರುದಿನ ಹೋಗಿ ಕೇಳಿದರಂತೆ. ಅಷ್ಟರಲ್ಲಿ ಅಧ್ಯಕ್ಷರ ಮನೆಯ ಮುಂದೆ ಜನ ಸೇರಿದ್ದರಂತೆ. ಇನ್ನೂ ಬೇಕು ಎನ್ನುವುದಕ್ಕಲ್ಲ, ಸಾಕು ಎನ್ನುವುದಕ್ಕೆ. ಒಬ್ಬೊಬ್ಬರೇ ಒಳಗೆ ಹೋಗಿ, ಮಿಕ್ಕಿದ್ದನ್ನು ತೆಗೆದುಬಿಡಿ ಎಂದು ಕೈಮುಗಿದು ಬಂದರಂತೆ. ಗಂಗವ್ವನೂ ಅವರಲ್ಲಿದ್ದಳು. ಕನ್ನಡಕದ ಮಾತಾದ ಮೇಲೆ ಅವಳ ಗಂಡ ಏನಂದನೋ, ಅವಳು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಮಣೆಯನ್ನು ಮಾತ್ರ ಒಲೆಗೆ ಹಾಕಿದಳು.

ಆಗ ನನಗೆ ಹೊಳೆದದ್ದು ಆ ಮನೆಯಲ್ಲಿ ಈಗಿರುವ ಹುಡುಗಿಯ ಯೋಚನೆ. ಹಾಲಸ್ವಾಮಿ ಮತ್ತೆ ಮದುವೆಯಾಗಿದ್ದ. ಹುಡುಗಿ ಕುಮುದ ಎಂದು, ದವಸದ ಮಂಡಿಯ ಪರಮೇಶಪ್ಪನವರ ಮಗಳು. ಅವಳೂ ಅದೇ ಪೆಟ್ಟಿಗೆಯ ಮುಂದೆ ನಿಂತು ತವರನ್ನು ಕರೆಯುತ್ತಿರಬೇಕು. ಅವಳ ಮಾತೂ ನನ್ನ ಮಗಳ ಮಾತಿನ ಹಿಂದೆ ನಿಂತಿರಬೇಕು, ಅದನ್ನೂ ಸೇರಿಸಿ ಚೆಲ್ಲಿಬಿಡುತ್ತಾರೆ ಎನಿಸಿತು. ಹೋಗೋಣ ಎಂದೆ. ನಮ್ಮವರು ಎರಡು ಮಾತಾಡದೆ ಹೊರಟರು. ಕರೆಯದೆ ಹೋದದ್ದು ಅದೇ ಮೊದಲು. ಮೇಲುಪೇಟೆಯ ಏರು ಹತ್ತುವಾಗ ಅವರ ತುಟಿ ಅಲ್ಲಾಡುತ್ತಲೇ ಇತ್ತು. ಏನೆಂದು ನಾನು ಕೇಳಲಿಲ್ಲ.

ಶಿವಗಂಗಮ್ಮ ನೀರು ಕೊಟ್ಟರು, ಕೂರಿ ಎನ್ನಲಿಲ್ಲ. ಹಾಲಸ್ವಾಮಿ ನಮ್ಮವರಿಗೆ ಮುಖ ಕೊಡದೆ ಜಗಲಿಗೆ ಎದ್ದು ಹೋದ. ನಮ್ಮವರು ಆ ಹೆಂಗಸನ್ನು ನೇರವಾಗಿ ಕೇಳಿದರು, ನನ್ನ ಮಗಳನ್ನು ಕೋಣೆಯಲ್ಲಿ ಹಾಕಿದ್ದಿರಾ ಎಂದು. ಯಾರು ಹೇಳಿದರು ಎಂದು ಅವರು ಕೇಳಿದರು. ಅವಳೇ ಹೇಳಿದಳು, ಮೊನ್ನೆ, ಎಂದರು ಇವರು. ಆ ಮಾತಿಗೆ ಶಿವಗಂಗಮ್ಮ ಸ್ವಲ್ಪ ಹೆದರಿದರೆಂದು ಕಾಣುತ್ತದೆ. ಒಳಗೊಳಗೇ ಏನೋ ಗೊಣಗಿಕೊಂಡು ದೇವರ ಮನೆಗೆ ಹೋಗಿ ಕದ ಹಾಕಿಕೊಂಡರು. ಆ ಸಂದಿನಲ್ಲಿ ನಾನು ಅಡುಗೆಮನೆಗೆ ಹೋದೆ.

ಕುಮುದ ಅಕ್ಕಿ ಆರಿಸುತ್ತ ಕೂತಿದ್ದಳು. ಸಣ್ಣ ಹುಡುಗಿ, ವಿಶಾಲುವಿಗಿಂತ ಎಳೆಯ ಮುಖ. ಸೆರಗು ಸರಿದಾಗ ಕುತ್ತಿಗೆಯ ಹತ್ತಿರ ಸುಟ್ಟ ಗಾಯ ಕಂಡಿತು. ಮುಚ್ಚಿಕೊಳ್ಳುವ ಅವಸರ ಅವಳಿಗೇನೂ ಇರಲಿಲ್ಲ. ನಾನು ಪಕ್ಕದಲ್ಲಿ ಕೂತು, ನಾನು ಇಂಥವಳು, ಇಲ್ಲಿ ಮುಂಚೆ ಇದ್ದವಳ ತಾಯಿ ಎಂದೆ. ನಿಮ್ಮ ತಂದೆ ತಾಯಿ ಬರಲಿಲ್ಲವೆಂದು ನೀನು ನೊಂದುಕೊಳ್ಳಬೇಡ, ನಿನ್ನ ಮಾತು ಅವರಿಗೆ ಮುಟ್ಟಿಯೇ ಇಲ್ಲ, ನನ್ನ ಮಗಳದ್ದರ ಹಾಗೆ ಕೊನೆಯ ಸಾಲಿನಲ್ಲಿ ಸಿಕ್ಕಿಕೊಂಡಿದೆ, ನಾವೇ ಹೋಗಿ ಹೇಳುತ್ತೇವೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ.

ಅವಳು ಮೊರದಿಂದ ಕೈ ತೆಗೆಯದೆ ಕೇಳಿಸಿಕೊಂಡು ಹೇಳಿದಳು.

"ಮುಟ್ಟಿದೆ ಅಮ್ಮ. ಮದುವೆಯಲ್ಲಿ ಬಳುವಳಿ ಅಂತ ನಮ್ಮಪ್ಪ ಈ ಮನೆಗೆ ಮಂಡಿಯ ದರ್ಜೆ ಮಾಡಿಸಿಕೊಟ್ರು, ಮಗಳ ಮಾತು ಬೇಗ ಬರಲಿ ಅಂತ. ಬೇಗಾನೇ ಹೋಗುತ್ತೆ. ನಾನು ಆಡಿ ಒಂದು ಬಿಂದಿಗೆ ನೀರು ಸೇದೋದರೊಳಗೆ ಅಮ್ಮ ಉತ್ತರ ಕೊಡ್ತಾರೆ. ಹೊಂದಿಕೊಂಡು ಹೋಗು ಅಂತಾರೆ."

ನಮ್ಮವರಿಗೂ ಇದು ಗೊತ್ತಿರಲಿಲ್ಲ. ದರ್ಜೆ ಬರೆಯುವವರು ಪುರಸಭೆಯವರು, ಇವರ ಕೈಗೆ ಬರುವುದು ತಂತಿಯ ನಂಬರು ಮಾತ್ರ. ಹಾಗಾದರೆ ನಮ್ಮನೆಗೆ ಬಾ, ಈಗಲೇ ಏಳು ಎಂದೆ. ಅವಳು ಎದ್ದಳು ಕೂಡ. ಸೆರಗಿನಿಂದ ಅಕ್ಕಿನುಚ್ಚು ಒದರಿಕೊಂಡು ನನ್ನ ಜೊತೆ ನಡುಮನೆಯವರೆಗೆ ಬಂದಳು. ನಮ್ಮವರು ಅವಳನ್ನು ನೋಡಿ ಬಾಗಿಲು ತೆರೆದರು. ಅಲ್ಲಿ ನಿಂತು ಅವಳು ನನ್ನನ್ನು ಕೇಳಿದಳು, ನಿಮ್ಮ ಮಗಳ ಮಾತು ಸರಿಯಾದ ಹೊತ್ತಿಗೆ ಬಂದಿದ್ದರೆ ನೀವು ಬರ್ತಿದ್ರಾ ಎಂದು. ಬರ್ತಿದ್ದೆ ತಾಯಿ, ಅದೇ ಹೊತ್ತಿಗೆ ಎದ್ದು ಬರ್ತಿದ್ದೆ ಎಂದೆ.

"ನಮ್ಮಮ್ಮನೂ ಹೀಗೇ ಅಂದಿದ್ರು. ಮದುವೆಗೆ ಮುಂಚೆ."

ಕೋಪವಾಗಲಿ ಕೊಂಕಾಗಲಿ ಇರಲಿಲ್ಲ ಆ ಮಾತಿನಲ್ಲಿ. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಮೆಲ್ಲಗೆ ಬಿಡಿಸಿಕೊಂಡು ಒಳಗೆ ಹೋದಳು. ಮತ್ತೆ ಮೊರದ ಸದ್ದು ಕೇಳಿಸಿತು. ನಮ್ಮವರು ಅವಳ ಹಿಂದೆ ಎರಡು ಹೆಜ್ಜೆ ಹೋಗಿ ನಿಂತರು. ಬೇರೆಯವರ ಸೊಸೆಯನ್ನು ಎತ್ತಿಕೊಂಡು ಬರಲಾಗುತ್ತದೆಯೇ. ಅಲ್ಲಿಂದ ಇಳಿದು ನೇರವಾಗಿ ಪರಮೇಶಪ್ಪನವರ ಮಂಡಿಗೆ ಹೋದೆವು. ಅವರು ಗಿರಾಕಿಗಳ ನಡುವೆ ಇದ್ದರು, ಒಳಗೆ ಕರೆದು ಕೂರಿಸಿ ಮರ್ಯಾದೆಯಿಂದಲೇ ಕೇಳಿಸಿಕೊಂಡರು. ಹೊಸ ಸಂಸಾರ, ಬರುಬರುತ್ತ ಸರಿಹೋಗುತ್ತದೆ, ನಿಮ್ಮ ಮಗಳ ದುಃಖದಲ್ಲಿ ನಿಮಗೆ ಎಲ್ಲವೂ ಹಾಗೇ ಕಾಣುತ್ತದೆ ಎಂದರು. ಅವರ ಹೆಂಡತಿ ರತ್ನಾಂಬ ಬಾಗಿಲ ಮರೆಯಲ್ಲಿ ನಿಂತಿದ್ದವರು ಈಚೆಗೆ ಬರಲೇ ಇಲ್ಲ.

ಆ ವಾರವೇ ನಮ್ಮವರು ನಾಲ್ಕನೇ ಸಾಲನ್ನು ತೆಗೆದರು. ಹೋಗುವಾಗ ಬಾಗಿಲಲ್ಲಿ ನಿಂತು, ಬೇಡ ಎಂದರೆ ಕೆಲಸ ಬಿಟ್ಟು ಬಂದುಬಿಡುತ್ತೇನೆ ಎಂದರು. ನೀವು ಬಿಟ್ಟರೆ ಇನ್ನೊಬ್ಬರು ತೆಗೆಯುತ್ತಾರೆ, ಹೋಗಿ ಎಂದೆ. ತೆಗೆಯುವುದಕ್ಕೆ ಏನೂ ಹೊತ್ತು ಹಿಡಿಯಲಿಲ್ಲವಂತೆ. ಒಂದು ಹಿಡಿಕೆಯನ್ನು ಕೆಳಗೆ ಎಳೆದರು, ಮುಗಿಯಿತು. ಸದ್ದೂ ಬರಲಿಲ್ಲವಂತೆ. ಬಂದು ಊಟಕ್ಕೆ ಕೂತರು, ಅನ್ನ ಕಲಸಿದರು, ಕೈ ತೊಳೆದು ಎದ್ದರು.

ಆಮೇಲೆ ನಮ್ಮೂರಲ್ಲಿ ಮಾತು ಬೇಗ ಮುಟ್ಟತೊಡಗಿತು. ಜಾಗ ಖಾಲಿಯಾಗಿತ್ತು, ಪಾಲು ಹಂಚುವುದಕ್ಕೂ ಈಗ ಯಾರೂ ಅಡ್ಡಿ ಮಾಡಲಿಲ್ಲ, ನಾಲ್ಕನೇ ದರ್ಜೆಯವರ ಮಾತೂ ಅದೇ ದಿನ ಹೋಗುತ್ತಿತ್ತು. ಜನ ಸಂತೋಷಪಟ್ಟರು. ನಾನು ದಿನಾ ಕುಮುದಳನ್ನು ಮಾತಾಡಿಸುತ್ತಿದ್ದೆ. ಊಟ ಆಯ್ತಾ ಎಂದರೆ ಆಯ್ತಮ್ಮ ಎನ್ನುತ್ತಿದ್ದಳು. ಬಾ ಎಂದರೆ ಬರ್ತೀನಿ ಎನ್ನುತ್ತಿದ್ದಳು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮಾತಾಡಿಸಿದೆ, ಉತ್ತರ ಬರಲಿಲ್ಲ. ಒಲೆಯ ಮೇಲೆ ಎಣ್ಣೆ ಇಟ್ಟಿದ್ದೆ. ಅದು ಕಾಯುವಷ್ಟರಲ್ಲಿ ಸುದ್ದಿ ಬಂತು. ನೀರು ಸೇದಲು ಹೋಗಿ ಹಿತ್ತಲ ಬಾವಿಗೆ ಜಾರಿದಳು ಎಂದು ಶಿವಗಂಗಮ್ಮನ ದನಿ ಊರಿನ ಮನೆಮನೆಯ ಪೆಟ್ಟಿಗೆಯಲ್ಲೂ ಹೇಳಿತು. ಮಂಡಿ ದರ್ಜೆಯ ಮಾತು, ಎಲ್ಲೂ ತಡವಾಗಲಿಲ್ಲ.

ರತ್ನಾಂಬ ನಮ್ಮ ಮನೆಗೆ ಬಂದದ್ದು ಕರ್ಮಾಂತರವೆಲ್ಲ ಮುಗಿದು ಎಷ್ಟೋ ದಿನದ ಮೇಲೆ. ಮಧ್ಯಾಹ್ನದ ಬಿಸಿಲಲ್ಲಿ ಒಬ್ಬರೇ ನಡೆದು ಬಂದಿದ್ದರು. ಒಳಗೆ ಬಂದು, ಬಾಗಿಲು ಹಾಕಿಕೊಂಡು, ನೀರು ಕುಡಿದರು. ನಿಮ್ಮ ಯಜಮಾನರ ಹತ್ತಿರ ಒಂದು ವಿಷಯ ಕೇಳಬೇಕಿತ್ತು ಎಂದರು. ತಂತಿ ಎಂದಮೇಲೆ ಕೆಟ್ಟಿರುತ್ತದೆ, ಸಾಲು ಎಂದಮೇಲೆ ನಿಂತಿರುತ್ತದೆ, ಮಗಳು ಏನೇನೋ ಹೇಳಿರುತ್ತಾಳೆ, ನಮ್ಮನೆಗೆ ಅರ್ಧಂಬರ್ಧ ಬಂದಿರುತ್ತದೆ, ಹಾಗೆ ಆಗುವುದುಂಟಲ್ಲವೇ ಎಂದು ಕೇಳಿದರು. ಕೇಳುವಾಗ ನಮ್ಮವರ ಮುಖವನ್ನೇ ನೋಡುತ್ತಿದ್ದರು. ನಮ್ಮವರು ನನ್ನ ಕಡೆ ನೋಡಿ, ಆಮೇಲೆ ನೆಲ ನೋಡುತ್ತ, ಹೌದಮ್ಮ, ಆಗುವುದುಂಟು, ನಿಮ್ಮ ಮಗಳ ಮಾತು ಕೊನೆಯ ಸಾಲಿನಲ್ಲೇ ನಿಂತಿತ್ತು ಎಂದರು. ಅವರ ಯಂತ್ರದ ವಿಷಯದಲ್ಲಿ ಅವರು ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನಾನೂ ಸುಮ್ಮನಿದ್ದರೆ ಅವರು ಅಷ್ಟನ್ನೇ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಸುಮ್ಮನಿರಬೇಕೆಂದೇ ಇದ್ದೆ. ಆದರೆ ಆ ಹುಡುಗಿ ಮೊರದಿಂದ ಕೈ ತೆಗೆಯದೆ ಆಡಿದ ಮಾತು ಕೇಳಿದವಳು ಭೂಮಿಯ ಮೇಲೆ ನಾನೊಬ್ಬಳೇ. ಅದನ್ನೂ ಇಲ್ಲವೆನ್ನಿಸಿಬಿಟ್ಟರೆ ಅವಳ ಪಾಲಿಗೆ ಏನು ಉಳಿಯುತ್ತದೆ?

"ಮುಟ್ಟಿತ್ತಮ್ಮ," ಎಂದೆ. "ಅವಳೇ ನನಗೆ ಹೇಳಿದಳು. ನೀವು ಉತ್ತರ ಕೊಡ್ತಿದ್ದದ್ದನ್ನೂ ಹೇಳಿದಳು."

ನಮ್ಮವರು ತಲೆಯೆತ್ತಲಿಲ್ಲ. ಅಳುತ್ತಾರೆ ಎಂದುಕೊಂಡೆ, ಬೈಯುತ್ತಾರೆ ಎಂದುಕೊಂಡೆ. ರತ್ನಾಂಬ ಎರಡೂ ಮಾಡಲಿಲ್ಲ. ಗೋಡೆಗೆ ಒರಗಿ, ಖಾಲಿ ಲೋಟವನ್ನು ಮಡಿಲಲ್ಲಿ ಇಟ್ಟುಕೊಂಡು, ಬಿಸಿಲು ಕಿಟಕಿಯಿಂದ ಇಳಿದು ಹೋಗುವವರೆಗೂ ಕೂತಿದ್ದರು. ಕೊನೆಗೆ ಎದ್ದು, ಸೆರಗು ಹೊದ್ದು, ಬಾಗಿಲ ಚಿಲಕಕ್ಕೆ ಕೈ ಹಾಕಿದವರು ತಿರುಗಿ ನನ್ನನ್ನು ನೋಡಿದರು.

"ನೀವು ಪುಣ್ಯವಂತರು, ಮಂಗಳಮ್ಮ," ಎಂದರು. "ನಿಮಗೆ ತಡವಾಗಿ ಬಂತು."